ಜಮೆಯಾಗದ ವಿದ್ಯೆ

ಕ್ರೆಡಿಟ್ಟು ಎಂಬ ಮಾತಿಗೆ ಸಮೇತನಹಳ್ಳಿಯ ಅಂಗಡಿಯಲ್ಲಿ ಒಂದೇ ಅರ್ಥ: ಉದ್ರಿ. ಇಂದು ಸಾಮಾನು, ಮುಂದೆಂದೋ ಹಣ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಅದರ ಅರ್ಥ ತಿರುವುಮುರುವು. ಕಾಲೇಜಿನಲ್ಲಿ ಅದು ಜಮೆ. ವಿದ್ಯಾರ್ಥಿ ಕಲಿತಷ್ಟನ್ನು ವಿಶ್ವವಿದ್ಯಾನಿಲಯವು ಅವನ ಹೆಸರಿನಲ್ಲಿ ಬರೆದಿಡುವ ಲೆಕ್ಕ.

ಈ ಜಮೆಯನ್ನು ಹೈಸ್ಕೂಲಿನಲ್ಲಿರುವಾಗಲೇ ಕೂಡಿಡುವ ಏರ್ಪಾಡು ಅಮೆರಿಕದಲ್ಲಿ ಹಳೆಯದು. ಅಲ್ಲಿನ ಕಾಲೇಜ್ ಬೋರ್ಡ್ 1955ರಿಂದ ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. 5ಕ್ಕೆ 3 ಅಥವಾ ಹೆಚ್ಚು ಬಂದರೆ ಅನೇಕ ಕಾಲೇಜುಗಳು ಆ ಪಾಠ ಮುಗಿಯಿತೆಂದು ಒಪ್ಪಿಕೊಳ್ಳುತ್ತವೆ. ಕಾಲವೂ ಉಳಿಯಿತು, ಫೀಜೂ ಉಳಿಯಿತು.

ನಮ್ಮ ಕ್ರಮವೇ ಬೇರೆ. ಇಲ್ಲಿ ಕಾಲೇಜೆಂಬ ಹೆಸರು ಬೇಗ ಸಿಗುತ್ತದೆ, ಜಮೆ ನಿಧಾನವಾಗಿ. ಹತ್ತನೆಯ ತರಗತಿ ದಾಟಿದ ಹದಿನಾರರ ಹುಡುಗಿ ಪಿ.ಯು. ‘ಕಾಲೇಜಿ’ಗೆ ಹೋಗುತ್ತಾಳೆ. ಎಷ್ಟೋ ಊರುಗಳಲ್ಲಿ ಹೈಸ್ಕೂಲೂ ಅದೂ ಒಂದೇ ಕಾಂಪೌಂಡಿನಲ್ಲಿವೆ. ಎರಡಕ್ಕೂ ಒಂದೇ ಗಂಟೆ. ಆ ಎರಡು ವರ್ಷದಲ್ಲಿ ಪದವಿಯ ಲೆಕ್ಕಕ್ಕೆ ಬಿಡಿಕಾಸೂ ಬೀಳುವುದಿಲ್ಲ.

ಹಾಗೆಂದು ನಮ್ಮ ಮಕ್ಕಳು ಮುಂಗಡವಾಗಿ ಕಲಿಯುವುದಿಲ್ಲವೆ? ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ. ಸಂಗೀತದ ಜೂನಿಯರ್, ಸೀನಿಯರ್. ಸಾಹಿತ್ಯ ಪರಿಷತ್ತಿನ ಕಾವ, ಜಾಣ. ಶಾಲೆಯ ಚೀಲ ಇಳಿಸಿದ ಮೇಲೆ ಸಂಜೆಯ ಹೊತ್ತಿನಲ್ಲಿ ಇವನ್ನೆಲ್ಲ ಕಲಿತ ಮಕ್ಕಳು ಮನೆಮನೆಯಲ್ಲೂ ಉಂಟು.

ಸಮೇತನಹಳ್ಳಿಯಲ್ಲಿ ನನಗೆ ಪರಿಚಯದ ಒಬ್ಬ ಹುಡುಗಿ ಪ್ರವೇಶಿಕಾವರೆಗೆ ಹಿಂದಿ ಮುಗಿಸಿದ್ದಾಳೆ, ಸಂಗೀತದಲ್ಲಿ ಸೀನಿಯರ್ ಆಗಿದೆ. ತಂದೆ ಹೊಸಕೋಟೆಗೆ ತರಕಾರಿ ಸಾಗಿಸುವವರು. “ಇವನ್ನು ತೋರಿಸಿದರೆ ಕಾಲೇಜಿನಲ್ಲಿ ಒಂದು ಪಾಠವಾದರೂ ಕಡಿಮೆಯಾದೀತೆ, ಸಾರ್?” ಎಂದು ಕೇಳಿದಳು. ನಾನು ಬಲ್ಲ ಕಾಲೇಜುಗಳಲ್ಲಿ ಇಲ್ಲವೆಂದೆ. ಸರ್ಟಿಫಿಕೇಟುಗಳನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಸೇರಿಸಿದಳು.

ಕಾಗದದ ಮೇಲೇನೋ ಬಾಗಿಲು ತೆರೆದಿದೆ. 2021ರಲ್ಲಿ ಜಮೆ ಕೂಡಿಡಲು ‘ಅಕಾಡೆಮಿಕ್ ಬ್ಯಾಂಕ್’ ಬಂತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಕಲಿಕೆಯನ್ನೂ ಲೆಕ್ಕಕ್ಕೆ ತಂದಿತು: 30 ಗಂಟೆಗೆ ಒಂದು ಕ್ರೆಡಿಟ್ಟು, ವರ್ಷಕ್ಕೆ 40. ನಮ್ಮ ರಾಜ್ಯ 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಚೌಕಟ್ಟುಗಳು ಬಂದುಹೋಗುತ್ತಿರುವಾಗ ಪ್ಲಾಸ್ಟಿಕ್ ಕವರು ಮಾತ್ರ ಇದ್ದಲ್ಲೇ ಇದೆ.

ಎಳೆಯ ಮಕ್ಕಳನ್ನು ಅವಸರಪಡಿಸಬಾರದೆಂದು ಸಹೋದ್ಯೋಗಿಗಳು ಹೇಳುವುದುಂಟು. ಒಪ್ಪೋಣ, ಕಾಯಿಯನ್ನು ಗುದ್ದಿ ಹಣ್ಣು ಮಾಡುವುದು ಬೇಡ. ಆದರೆ ತಾನಾಗಿ ಮಾಗಿದ್ದನ್ನು ಹಣ್ಣೆಂದು ಎಣಿಸಲು ಏನಡ್ಡಿ? ಎರಡು ಪಾಠಗಳ ಜಮೆ ದೊರೆತರೆ, ಹುಡುಗಿಗೆ ಆ ಹೊತ್ತಿನಲ್ಲಿ ಕೂಲಿಯ ಕೆಲಸವೋ, ಟ್ಯೂಷನ್ನೋ ಮಾಡಿ ಫೀಜಿಗೆ ಆಸರೆಯಾಗುವಷ್ಟು ಬಿಡುವು ಸಿಕ್ಕೀತು. ನಮಗೆ ಅದು ಅಂಕಪಟ್ಟಿಯಲ್ಲಿ ಒಂದು ಸಾಲು. ಅವಳ ಮನೆಯಲ್ಲಿ, ಮೂರನೆಯ ವರ್ಷದ ಓದು ನಡೆಯುವುದೋ ನಿಲ್ಲುವುದೋ ಎಂಬ ಮಾತು.