ತಿಂಡಿ ಕೇಳಿದರೆ ನಗುವ ಸೀಮೆ

ವಿಜಯಪುರ ಜಿಲ್ಲೆಯ ಬಸ್ಸಿನಲ್ಲಿ ಕುಳಿತು "ಒಂದು ಹಿಪ್ಪರಗಿ" ಎಂದು ಟಿಕೆಟ್ಟು ಕೇಳಿದರೆ ಸಾಲದು. "ಯಾವ ಹಿಪ್ಪರಗಿರಿ? ಹೂವಿಂದೋ, ದೇವರದೋ?" ಎಂದು ಕಂಡಕ್ಟರು ಕೇಳುವುದು ಸಹಜ. ಮಡಿವಾಳ ಮಾಚಿದೇವರ ಹೆಸರಿನೊಡನೆ ಕೇಳಿಬರುವ ದೇವರ ಹಿಪ್ಪರಗಿ ಬೇರೆ. ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿರುವ ಹಿಪ್ಪರಗಿ ಬೇರೆ. ಹೂವಿನ ಹಿಪ್ಪರಗಿ ಬಸವನ ಬಾಗೇವಾಡಿಯ ಸೀಮೆಗೆ ಸೇರಿದುದು. ಕರಿಯ ಎರೆನೆಲ, ಬಿಳಿಜೋಳದ ಹೊಲ, ನೆತ್ತಿ ಸುಡುವ ಬಿಸಿಲು, ಇವುಗಳ ನಡುವೆ ಹೆಸರಿನಲ್ಲಿಯೇ ಹೂವು ಮುಡಿದು ನಿಂತ ಊರು.

ಮೈಸೂರಿನ ಕಡೆಯಿಂದ ಇಲ್ಲಿಗೆ ಬಂದಿಳಿದ ಪ್ರಯಾಣಿಕನಿಗೆ ಮೊದಲ ಪರೀಕ್ಷೆ ಚಹದ ಅಂಗಡಿಯಲ್ಲಿಯೇ. ಹಸಿದವನು "ತಿಂಡಿ ಇದೆಯೇ?" ಎಂದು ಕೇಳಿದನೆನ್ನಿ, ಸುತ್ತ ಕುಳಿತವರ ತುಟಿಯಂಚಿನಲ್ಲಿ ನಗೆ ಮೂಡುತ್ತದೆ. ಈ ಸೀಮೆಯಲ್ಲಿ ತಿಂಡಿ ಎಂದರೆ ಮೈಯ ತುರಿಕೆ. ಸುಮ್ಮನಿರಲಾರದೆ ಕಾಲು ಕೆರೆದು ಜಗಳಕ್ಕೆ ಹೋಗುವ ಚಾಳಿಗೂ ಅದೇ ಹೆಸರು. "ತಿಂಡಿ ಇದ್ದವರಿಗೇನು ಕಡಿಮಿ ಇಲ್ರಿ ಇಲ್ಲಿ! ನಾಷ್ಟಾ ಬೇಕಾದ್ರ ಕುಂಡರ್ರಿ" ಎಂದು ಅಂಗಡಿಯಾತ ಉತ್ತರಿಸಿದರೆ ಆಶ್ಚರ್ಯವಿಲ್ಲ. ಆಮೇಲೆ ತಟ್ಟೆಯಲ್ಲಿ ಬರುವ ಗಿರಮಿಟ್ಟಿನದೂ ಇಂಥದೇ ಕಥೆ. ಮರಾಠಿಯಲ್ಲಿ ಆ ಹೆಸರು ಬಡಗಿಯು ಮರಕ್ಕೆ ತೂತು ಕೊರೆಯುವ ಸಲಕರಣೆಯದು. ಇಲ್ಲಿ ಉಳ್ಳಾಗಡ್ಡಿ, ಹುಣಸೆ ರಸ, ಪುಟಾಣಿ ಹಿಟ್ಟು ಬೆರೆಸಿದ ಚುರಮುರಿಯದು.

"ತ್ರಾಸು" ಎಂಬುದು ಇನ್ನೊಂದು. ಹಳೆಯ ಮೈಸೂರಿನ ಅಂಗಡಿಯಲ್ಲಿ ಅದು ಪಾರಸಿಯಿಂದ ಬಂದ ತಕ್ಕಡಿ. ಇಲ್ಲಿ ಸಂಸ್ಕೃತ ಮೂಲದಿಂದ ಹೊರಟು ಮರಾಠಿಯ ನಂಟಿನಲ್ಲಿ ಬೆಳೆದ "ತ್ರಾಸ" ಎಂದರೆ ತೊಂದರೆ. "ಭಾಳ ತ್ರಾಸ ಆತ್ರಿ" ಎಂದವನಿಗೆ ತಕ್ಕಡಿ ತಂದುಕೊಟ್ಟರೆ ಅವನ ತ್ರಾಸ ಇಮ್ಮಡಿಯಾದೀತು! "ಬೆರಕಿ" ಎಂದರೆ ಚತುರನೂ ಹೌದು, ಒಳಗೊಳಗೆ ಲೆಕ್ಕ ಹಾಕುವವನೂ ಹೌದು. ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ಆಡುವವನ ಕಣ್ಣು ನೋಡಿಯೇ ತಿಳಿಯಬೇಕು. ಇನ್ನು ಸುಳ್ಳು ಹೇಳುವುದಕ್ಕೆ ಕನ್ನಡಿಗರೆಲ್ಲ ಸೇರಿ ಕಟ್ಟಿದ ಮಾತು "ರೈಲು ಬಿಡುವುದು". ವಿಜಯಪುರಕ್ಕೆ ನಿಜವಾದ ರೈಲು ಬಂದುದು 1884ರಲ್ಲಿ. ಹಳಿಯೇ ಹಾಯದ ಊರುಗಳ ಕಟ್ಟೆಗಳಿಂದಲೂ ದಿನಕ್ಕೆ ಹತ್ತು ರೈಲು ಹೊರಡುವುದುಂಟು!

ಈ ಬೆರಕೆಗೆ ಕಾರಣ ಚರಿತ್ರೆಯಲ್ಲಿದೆ. 1490ರಿಂದ 1686ರವರೆಗೆ ಇಲ್ಲಿ ಆಳಿದವರು ಆದಿಲಶಾಹಿಗಳು. ಹದಿನೆಂಟನೆಯ ಶತಮಾನದಲ್ಲಿ ಮರಾಠರು ಬಂದರು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಆಡಳಿತ. 1956ರ ನವೆಂಬರ್ 1ರಂದು ಈ ನಾಡು ಮೈಸೂರು ರಾಜ್ಯವನ್ನು ಸೇರಿತು. ಒಂದೊಂದು ಆಳಿಕೆಯೂ ಒಂದಿಷ್ಟು ಮಾತನ್ನು ಬಿಟ್ಟುಹೋಯಿತು. ಒಕ್ಕಲಿಗನು ಅವನ್ನೆಲ್ಲ ತನ್ನ ನಾಲಗೆಗೆ ಒಗ್ಗಿಸಿಕೊಂಡನು. ಬಸವಣ್ಣನವರ ಬಾಗೇವಾಡಿಯ ನೆರೆಯಲ್ಲಿ ಇದು ಹೊಸ ಸಂಗತಿಯೇನಲ್ಲ. ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ನುಡಿದುದೂ ಜನರಾಡುವ ಮಾತಿನಲ್ಲಿಯೇ.

ಆದರೂ ಈ ನಗೆಯ ಹಿಂದೆ ಒಂದು ನೋವೂ ಉಂಟು. ಓದಿಗಾಗಿ, ನೌಕರಿಗಾಗಿ ಬೆಂಗಳೂರಿಗೆ ಹೋದ ಇಲ್ಲಿನ ಹುಡುಗನು ಬಾಯಿ ತೆರೆದೊಡನೆ ಸುತ್ತಲಿನವರು ನಕ್ಕುಬಿಡುವುದುಂಟು. ಸಿನಿಮಾಗಳು ಈ ನುಡಿಯನ್ನು ಬಹುಕಾಲ ಹಾಸ್ಯಪಾತ್ರಗಳಿಗೇ ಹಚ್ಚಿದುವು. ಹುಡುಗನು ಕ್ರಮೇಣ ತವರಿನ ಮಾತನ್ನು ನುಂಗಿಕೊಳ್ಳುತ್ತಾನೆ. ರಜೆಗೆ ಬಂದಾಗ ಅವ್ವನೆದುರಿಗೂ ಪುಸ್ತಕದ ಕನ್ನಡವನ್ನೇ ಆಡುತ್ತಾನೆ. ಅವ್ವ ಒಂದು ಗಳಿಗೆ ಅವನ ಮುಖವನ್ನೇ ನೋಡುತ್ತಾಳೆ.

ನಗುವುದು ತಪ್ಪಲ್ಲ, ಹೇಗೆ ನಗಬೇಕೆಂಬುದನ್ನು ತೋರಿಸಿಕೊಟ್ಟವರು ನಾ. ಕಸ್ತೂರಿಯವರು. 1897ರಲ್ಲಿ ಕೇರಳದಲ್ಲಿ ಹುಟ್ಟಿದ ಅವರಿಗೆ ಕನ್ನಡವು ಕಲಿತು ಬಂದ ಭಾಷೆ. ಅದನ್ನು ಒಲಿಸಿಕೊಂಡ ಅವರು "ಅನರ್ಥಕೋಶ"ವನ್ನು ರಚಿಸಿ, ಇದ್ದ ಪದಗಳಿಗೆ ಇಲ್ಲದ ಅರ್ಥಗಳನ್ನು ಕಲ್ಪಿಸಿ ಕನ್ನಡಿಗರನ್ನು ನಗಿಸಿದರು. ಆ ನಗೆಯಲ್ಲಿ ಆಡುವವನ ಅವಮಾನವಿಲ್ಲ. ಮಾತಿನ ಮೇಲಿನ ಮಮತೆಯಿದೆ. ಹೊರಗಿನಿಂದ ಬಂದವನು ಮೊದಲು ಕಲಿಯಬೇಕು, ಆಮೇಲೆ ನಗಬೇಕು.

ಚಹ ಮುಗಿಸಿ ಎದ್ದ ಪ್ರಯಾಣಿಕನು ಅಷ್ಟನ್ನಾದರೂ ಕಲಿತಿದ್ದರೆ, "ನಿಮಗೆ ತ್ರಾಸ ಕೊಟ್ಟೆನೇನ್ರಿ?" ಎಂದು ಅಳುಕುತ್ತಲೇ ಕೇಳಿಯಾನು. ಈ ಬಾರಿ ಯಾರೂ ಅವನನ್ನು ನೋಡಿ ನಗುವುದಿಲ್ಲ. "ತ್ರಾಸ ಎಲ್ಲೀದ್ರಿ? ಹೋಗಿ ಬರ್ರಿ" ಎಂದು ಅಂಗಡಿಯಾತ ಕೈಯೆತ್ತುತ್ತಾನೆ.