ಒಂದೇ ಮನೆಯ ಎರಡು ಗಾಡಿ

ಮೋಟಾರು ಪಂದ್ಯಕ್ಕೂ ನಮ್ಮ ಮಧುಗಿರಿ ಸೀಮೆಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಮ್ಮ ಕಡೆ ವೇಗಕ್ಕೆ ಹೆಸರಾದದ್ದು ಪ್ರೈವೇಟ್ ಬಸ್ಸೊಂದೇ. ಅದಕ್ಕೆ ಬಹುಮಾನ ಕೊಟ್ಟವರನ್ನು ಕಾಣೆ. ಆದರೂ ಕೊರಟಗೆರೆಯಲ್ಲಿರುವ ನನ್ನ ಅಣ್ಣನ ಮಗನಿಗೆ ಈ ಪಂದ್ಯಗಳ ಹುಚ್ಚು ಹಿಡಿದಿದೆ. ಅವನಿಂದ ನನಗೂ ಕೊಂಚ ಅಂಟಿದೆ.

ಅವನ ಆರಾಧ್ಯದೈವ ಬೆಂಗಳೂರಿನ ಹುಡುಗ ಕುಶ್ ಮೈನಿ. ಫಾರ್ಮುಲಾ ಒಂದರ ಕೆಳಗಿನ ಮೆಟ್ಟಿಲಾದ ಫಾರ್ಮುಲಾ ಎರಡರಲ್ಲಿ, 2024ರಲ್ಲಿ ಇನ್ವಿಕ್ಟಾ ಎಂಬ ತಂಡದ ಗಾಡಿ ಓಡಿಸಿದವನು. ಆ ವರ್ಷದ ಮೊದಲ ಪಂದ್ಯ ಬಹರೇನಿನಲ್ಲಿ. ಯಾರು ಮುಂದೆ ನಿಂತು ಹೊರಡಬೇಕೆಂಬುದನ್ನು ಹಿಂದಿನ ಅರ್ಹತಾ ಓಟ ನಿಶ್ಚಯಿಸುತ್ತದೆ. ಅರ್ಧ ಗಂಟೆಯೊಳಗೆ ಒಂದು ಸುತ್ತನ್ನು ಎಲ್ಲರಿಗಿಂತ ಬೇಗ ಮುಗಿಸಿದವನಿಗೆ ಮೊದಲ ಸ್ಥಾನ. ಕುಶ್ ಎಲ್ಲರನ್ನೂ ಹಿಂದೆ ಹಾಕಿದ. ಆಮೇಲೆ ತಪಾಸಣೆಯವರು ಗಾಡಿಯನ್ನು ಅಳೆದು ನೋಡಿ, ನಿಯಮಕ್ಕೆ ಹೊಂದುವುದಿಲ್ಲವೆಂದು ಅವನ ಓಟವನ್ನೇ ರದ್ದು ಮಾಡಿದರು. ಮೊದಲ ಸ್ಥಾನ ಯಾರಿಗೆ ಹೋಯಿತು? ಅದೇ ತಂಡದ ಇನ್ನೊಬ್ಬ ಸವಾರ, ಬ್ರೆಜಿಲಿನ ಗೇಬ್ರಿಯಲ್ ಬೊರ್ಟೊಲೆಟೊಗೆ!

"ನೋಡಿದ್ರಾ ಚಿಕ್ಕಪ್ಪ? ಬೇಕಂತಲೇ ಮಾಡವ್ರೆ," ಎಂದ ನಮ್ಮ ಹುಡುಗ.

ಒಂದು ಗಾಡಿಯ ಮೊದಲ ಸ್ಥಾನವನ್ನು ಇನ್ನೊಂದಕ್ಕೆ ವರ್ಗ ಮಾಡಲು ತಂಡದವರೇ ನಿಯಮ ಮುರಿಯುತ್ತಾರೆಯೇ ಎಂದು ನಾನು ವಾದಿಸಿದೆ. ಎರಡೂ ಅವರ ಗಾಡಿಗಳೇ. ಮುಂದಿನ ಎರಡು ಜಾಗವೂ ಅವರ ಕೈಯಲ್ಲೇ ಇದ್ದುವು. ತರ್ಕ ಚೆನ್ನಾಗಿಯೇ ಇತ್ತು, ಅವನು ಕೇಳಲಿಲ್ಲ. ಅದೇ ವರ್ಷ ಜುಲೈಯಲ್ಲಿ ಹಂಗೇರಿಯ ಸಣ್ಣ ಓಟದಲ್ಲಿ ಗೆದ್ದ ವರ್ಸ್ಖೋರ್ ಎಂಬವನನ್ನು ತಪಾಸಣೆಯವರು ಅನರ್ಹಗೊಳಿಸಿದಾಗ ಗೆಲುವು ಕುಶ್‌ಗೆ ಬಂತು. ಆ ದಿನ ತಪಾಸಣೆಯವರ ಮೇಲೆ ನಮ್ಮ ಹುಡುಗನಿಗೆ ಯಾವ ಸಂಶಯವೂ ಹುಟ್ಟಲಿಲ್ಲ! ವರ್ಷದ ಕೊನೆಗೆ ಬೊರ್ಟೊಲೆಟೊ ಚಾಂಪಿಯನ್ ಆದ, ಕುಶ್ ಹದಿಮೂರನೆಯವನಾದ. ಸಂಶಯಕ್ಕೆ ಮತ್ತೆ ಮೇವು ಸಿಕ್ಕಿತು.

ಇಂಥ ಸಂಶಯವೆಲ್ಲ ಬರಿಯ ಭ್ರಮೆಯೆನ್ನುವಂತೆಯೂ ಇಲ್ಲ. 2002ರಲ್ಲಿ ಆಸ್ಟ್ರಿಯಾದಲ್ಲಿ ಫೆರಾರಿಯ ಬ್ಯಾರಿಕೆಲ್ಲೊ ಅರ್ಹತಾ ಓಟದಲ್ಲೂ ಮೊದಲಿಗ, ಪಂದ್ಯದಲ್ಲೂ ಮುಂದೆ. ಗೆರೆ ಇನ್ನು ಕೆಲವೇ ಗಜ ದೂರವಿರುವಾಗ ತಂಡದ ಆಜ್ಞೆಯಂತೆ ವೇಗ ತಗ್ಗಿಸಿ ಶೂಮಾಕರ್‌ಗೆ ಗೆಲುವು ಬಿಟ್ಟುಕೊಟ್ಟ. ಜನ ಹುಯಿಲೆಬ್ಬಿಸಿದರು. ಶೂಮಾಕರ್ ನಾಚಿ ಅವನನ್ನೇ ಮೇಲಿನ ಮೆಟ್ಟಿಲಿಗೆ ತಳ್ಳಿದ. ಹತ್ತು ಲಕ್ಷ ಡಾಲರ್ ದಂಡ ಬಿತ್ತು. ಅದೂ ಗೆಲುವು ಕೊಡಿಸಿದ್ದಕ್ಕಲ್ಲ, ಮೆಟ್ಟಿಲ ಮೇಲಿನ ಮರ್ಯಾದೆ ಕೆಡಿಸಿದ್ದಕ್ಕೆ! ಮುಂದೆ ಅಂಥ ಆಜ್ಞೆಗಳನ್ನು ನಿಷೇಧಿಸಿದರು. 2011ರಲ್ಲಿ ನಿಷೇಧವನ್ನೂ ತೆಗೆದರು. ಕಿವಿಯಲ್ಲಿ ಹೇಳುವ ಮಾತನ್ನು ಯಾವ ಕಾನೂನು ಹಿಡಿದೀತು?

ನಮ್ಮ ಹುಡುಗನ ಮಾತು ಕೇಳುವಾಗಲೆಲ್ಲ ನನಗೆ ನೆನಪಾಗುವುದು ನನ್ನ ಸೋದರಮಾವ. ಮಧುಗಿರಿಯ ಒಬ್ಬ ಸಾಹುಕಾರರ ಬಸ್ಸಿನಲ್ಲಿ ಅವರು ಡ್ರೈವರು. ಸಾಹುಕಾರರಿಗೆ ಎರಡು ಬಸ್ಸು: ಒಂದು ಹೊಸದು, ಇನ್ನೊಂದು ಏರಿನಲ್ಲಿ ಉಬ್ಬಸಪಡುವ ಮುದಿಗಾಡಿ. ಡ್ರೈವರುಗಳೂ ಇಬ್ಬರು. ಯಾವ ದಿನ ಯಾರಿಗೆ ಯಾವುದೆಂಬುದು ಬೆಳಗಿನ ಜಾವ ಸಾಹುಕಾರರ ಬಾಯಿಂದ ಬರಬೇಕು. ಶ್ರಾವಣ ಶನಿವಾರಗಳಲ್ಲಿ ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಜನ ಕಿಕ್ಕಿರಿಯುತ್ತಾರೆ. ಆ ದಿನದ ಬಾಟಾ ಒಂದು ವಾರದ್ದಕ್ಕೆ ಸಮ. ಆ ಶನಿವಾರಗಳಂದೇ ಮಾವನಿಗೆ ಮುದಿಗಾಡಿ. ಮಿಡಿಗೇಶಿ ದಾಟುವಷ್ಟರಲ್ಲಿ ರೇಡಿಯೇಟರು ಕುದಿಯುತ್ತಿತ್ತು. ಪ್ರಯಾಣಿಕರು ಇಳಿದು ಹಿಂದೆ ಬಂದ ಬಸ್ಸು ಹತ್ತುತ್ತಿದ್ದರು. ಅದು ಸಾಹುಕಾರರ ಹೊಸ ಬಸ್ಸೇ ಆಗಿರುತ್ತಿತ್ತು.

"ಅವನು ಸಾಹುಕಾರ್ರ ಊರಿನೋನು ಕಣಯ್ಯಾ," ಎನ್ನುತ್ತಿದ್ದರು ಮಾವ. ಒಂದು ಶ್ರಾವಣದಲ್ಲಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟರು. ಆಮೇಲೆ ಶಿರಾ ಹೆದ್ದಾರಿಯಲ್ಲಿ ಲಾರಿ. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಇಬ್ಬರು ಮಕ್ಕಳನ್ನು ಅತ್ತೆ ಒಬ್ಬರೇ ಬೆಳೆಸಿದರು.

ಮಾವ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಮುದಿಗಾಡಿ ಸಿಕ್ಕ ದಿನಗಳ ತಾರೀಖುಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಹೊಸದು ಸಿಕ್ಕ ದಿನಗಳು ಅದರಲ್ಲಿ ಒಂದೂ ಇರಲಿಲ್ಲ. ಸಿಕ್ಕಿರಲೇ ಇಲ್ಲವೋ, ಬರೆಯಬೇಕೆಂದು ತೋರಲಿಲ್ಲವೋ! ಪಂದ್ಯದ ತಂಡಗಳಲ್ಲಾದರೆ ಬ್ರೇಕು ಒತ್ತಿದ್ದು, ಚಕ್ರ ತಿರುವಿದ್ದು ಎಲ್ಲಕ್ಕೂ ಕಂಪ್ಯೂಟರಿನಲ್ಲಿ ಲೆಕ್ಕವಿರುತ್ತದೆ. ನಮ್ಮ ಮಾವನ ಪರವಾಗಿ ಸಾಕ್ಷಿ ಹೇಳಲು ಆ ಪೆನ್ಸಿಲೊಂದೇ.

ಈಚೆಗೆ ಶಿರಾದಲ್ಲಿ ಒಂದು ಮದುವೆಯಲ್ಲಿ ಆ ಇನ್ನೊಬ್ಬ ಡ್ರೈವರು ಸಿಕ್ಕಿದರು. ಎಂಬತ್ತರ ಮೇಲಾಗಿದೆ, ನೆನಪು ಗಟ್ಟಿ. ಮಾವನ ಹೆಸರು ಹೇಳುತ್ತಲೂ ಕೈಯಲ್ಲಿದ್ದ ಎಲೆಅಡಿಕೆ ಪಕ್ಕಕ್ಕಿಟ್ಟರು.

"ಆ ಹಳೇ ಗಾಡಿ ನಿಮ್ಮ ಮಾವನ ಕೈಗೆ ಬಿಟ್ರೆ ಬೇರೆಯೋರಿಗೆ ಬಗ್ತಿರ್ಲಿಲ್ಲ ಸ್ವಾಮಿ. ಶನಿವಾರ ಅಷ್ಟು ಜನಾನ ಹಾಕ್ಕೊಂಡು ನಾನು ಅದನ್ನ ತಗೊಂಡೋಗಿದ್ರೆ ಯಾವ್ದಾದ್ರೂ ಹಳ್ಳಕ್ಕೆ ಬೀಳಿಸ್ತಿದ್ದೆ. ಸಾಹುಕಾರ್ರಿಗೆ ಅದು ಗೊತ್ತಿತ್ತು."

ಇದು ಸತ್ಯವೋ, ಸತ್ತವರ ಬಗ್ಗೆ ಆಡುವ ಒಳ್ಳೆಯ ಮಾತೋ ನನಗೆ ತಿಳಿಯಲಿಲ್ಲ. ಮಧುಗಿರಿಗೆ ಬಂದು ಅತ್ತೆಗೆ ಹೇಳಿದೆ. ಅವರು ಮೊರದಲ್ಲಿದ್ದ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಈ ಮಾತನ್ನ ಸಾಹುಕಾರ್ರು ಆವತ್ತೇ ಒಂದು ಸಲ ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತು?" ಎಂದರು.