ಅವರ ಕಡೆ ಯಾವ ವರ್ಷನ್ನು?

ಫೆಲೋಶಿಪ್ ಪ್ರತಿ ತಿಂಗಳೂ ತಪ್ಪದೆ ಬರುತ್ತದೆಂದು ನಂಬುವವರು ಸಂಶೋಧನೆ ಮಾಡದವರು ಮಾತ್ರ. ಅದು ಬಾರದ ತಿಂಗಳುಗಳಲ್ಲಿ ನಾನು ಬೇರೆಯವರಿಗೆ ಪಿಪಿಟಿ ಮಾಡಿಕೊಡುತ್ತೇನೆ. ಬಾಗಲಕೋಟೆಯ ನವನಗರದ ಬಾಡಿಗೆ ಕೋಣೆಯೇ ನನ್ನ ಅಂಗಡಿ. ಗಿರಾಕಿಗಳು ಹುನಗುಂದದ ಹೈಸ್ಕೂಲ್ ಮೇಷ್ಟ್ರು, ಬಾದಾಮಿಯ ಒಬ್ಬ ಗೈಡ್, ಇಳಕಲ್ಲಿನ ನೇಕಾರರು. ಎಲ್ಲರಿಗೂ ನನ್ನ ಮೊದಲ ಪ್ರಶ್ನೆ ಒಂದೇ: "ತೋರಿಸೋ ಕಡೆ ಯಾವ ವರ್ಷನ್ ಐತ್ರಿ?" ಉತ್ತರವೂ ಹೆಚ್ಚುಕಡಿಮೆ ಒಂದೇ: "ಪಿಪಿಟಿ ಐತಿ ನೋಡ್ರಿ."

ಈ ಪ್ರಶ್ನೆಯ ಹಿಂದೆ ಸಣ್ಣ ಚರಿತ್ರೆಯಿದೆ. 2015ರ ಕೊನೆಯಲ್ಲಿ ಪವರ್‌ಪಾಯಿಂಟಿಗೆ 'ಮಾರ್ಫ್' ಬಂತು. ಒಂದು ಸ್ಲೈಡಿನಲ್ಲಿ ಮೂಲೆಯಲ್ಲಿದ್ದ ಚಿತ್ರ ಮುಂದಿನ ಸ್ಲೈಡಿನಲ್ಲಿ ನಡುವೆ ದೊಡ್ಡದಾಗಿದ್ದರೆ, ನಡುವಿನ ಚಲನೆಯನ್ನು ತಂತ್ರಾಂಶವೇ ತುಂಬಿಕೊಡುತ್ತದೆ. ಆದರೆ ಅದು ಮೊದಲು ಸಿಕ್ಕಿದ್ದು ಆಫೀಸ್ 365ಕ್ಕೆ ಚಂದಾ ಕಟ್ಟುವವರಿಗೆ. ಒಮ್ಮೆ ದುಡ್ಡು ಕೊಟ್ಟು ಕೊಳ್ಳುವವರು ಅದನ್ನು ಬಳಸಲು 2019ರ ಆವೃತ್ತಿಗೆ ಕಾಯಬೇಕಾಯಿತು. 2010ರ ಅಥವಾ 2013ರ ಆವೃತ್ತಿಯಲ್ಲಿ ಅದೇ ಕಡತ ತೆರೆದರೆ ಚಲನೆ ಇರುವುದಿಲ್ಲ. ಒಂದು ಚಿತ್ರ ಮಸುಕಾಗಿ ಇನ್ನೊಂದು ಮೂಡುತ್ತದೆ, ಅಷ್ಟೆ. ತಿರುಗಿಸಿ ನೋಡಬಹುದಾದ ಮೂರು ಆಯಾಮದ ಮಾದರಿಯೂ ಅಲ್ಲಿ ಬರೀ ಚಿತ್ರ. 2010ರ ಆಫೀಸಿಗೆ ಮೈಕ್ರೋಸಾಫ್ಟ್ 2020ರ ಅಕ್ಟೋಬರಿನಲ್ಲೇ ಬೆಂಬಲ ನಿಲ್ಲಿಸಿತು. ನಮ್ಮ ಕಡೆಯ ಎಷ್ಟೋ ಮೇಜುಗಳಿಗೆ ಆ ಸುದ್ದಿ ಮುಟ್ಟಿಲ್ಲ. ಮುಟ್ಟಿದ್ದರೂ ಹೊಸದಕ್ಕೆ ದುಡ್ಡಿಲ್ಲ.

ಇಳಕಲ್ಲಿನ ನೇಕಾರರ ಗುಂಪೊಂದು ಸಾಲದ ಅರ್ಜಿಗಾಗಿ ನನ್ನ ಹತ್ತಿರ ಬಂದಾಗ ಅವರಲ್ಲಿ ಹಿರಿಯರೊಬ್ಬರು, "ತಂಗಿ, ಸೀರಿ ಸೆರಗು ತಾನಾ ಬಿಚ್ಚಿಕೊಂಡಂಗ ಕಾಣಬೇಕವ್ವಾ. ನಮ್ಮ ಮೊಮ್ಮಗ ಮೊಬೈಲಿನ್ಯಾಗ ತೋರಿಸ್ಯಾನ," ಎಂದರು. ಆ ಕಚೇರಿಯಲ್ಲಿ ಹಳೇ ಆವೃತ್ತಿಯಿದ್ದರೆ ಬಿಚ್ಚಿಕೊಳ್ಳುವುದಿಲ್ಲ ಎಂದೆ. "ಇರಲಿ, ನೀ ಮಾಡು. ದೇವರದಾನ," ಎಂದರು.

ಅವರಿಗೆ ಮುಖ್ಯವಾಗಿ ತೋರಿಸಬೇಕಿದ್ದುದು ಕೊಂಡಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗಳಂತೆ ಒಂದರೊಳಗೊಂದು ಸಿಕ್ಕಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧ ಮಾಡಬೇಕು. ಈ ಶ್ರಮ ಕಾಣದಿದ್ದರೆ, ಅವರು ಕೇಳುವ ಬೆಲೆ ಯಾಕೆ ಎಂಬುದೂ ಸಾಲ ಕೊಡುವವರಿಗೆ ತಿಳಿಯುವುದಿಲ್ಲ. ನಾನು ಕೊಂಡಿ ಬೀಳುವುದನ್ನು ಆರು ಸ್ಲೈಡುಗಳಲ್ಲಿ ಇಟ್ಟು ನಡುವೆ ಮಾರ್ಫ್ ಹಾಕಿದೆ. ಪ್ರತಿ ಸ್ಲೈಡೂ ಒಂದು ಹೆಜ್ಜೆ, ಪ್ರತಿ ಹೆಜ್ಜೆಯೂ ಒಂಟಿಯಾಗಿ ನಿಂತರೂ ಅರ್ಥವಾಗಬೇಕು ಎಂಬ ಲೆಕ್ಕ.

ಆ ಕಚೇರಿಯಲ್ಲಿ ಎಣಿಸಿದ್ದೇ ಆಯಿತು. ಎಳೆ ಚಲಿಸಲಿಲ್ಲ, ಆರು ಚಿತ್ರಗಳು ಒಂದಾದ ಮೇಲೊಂದು ಮೂಡಿದವು. ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕ್ಷಣದಲ್ಲಿ ಮುಗಿದಿದ್ದ ಕೆಲಸಕ್ಕೆ ಇಲ್ಲಿ ಹಿರಿಯರು ಪ್ರತಿ ಚಿತ್ರದ ಮುಂದೆ ನಿಂತು, ಎರಡೂ ತೋರುಬೆರಳು ಕೊಕ್ಕೆ ಮಾಡಿ, ಹತ್ತು ನಿಮಿಷ ಹೇಳಿದರು. ಅಧಿಕಾರಿ ಫೋನು ಪಕ್ಕಕ್ಕಿಟ್ಟು, "ಒಂದೊಂದು ಎಳೀನೂ ಹಿಂಗ ಕೈಲೇ ಹಾಕ್ತೀರೇನ್ರಿ?" ಎಂದು ಕೇಳಿದರು. ಸಾಲದ ಕಡತ ಇನ್ನೂ ಅಲ್ಲೇ ಇದೆ. ಆದರೆ ಆ ಪ್ರಶ್ನೆ ಚಲನೆಯಿಂದ ಬಂದದ್ದಲ್ಲ, ನಿಂತ ಚಿತ್ರದಿಂದ ಬಂದದ್ದು.

ಚಲನೆ ಹೋದರೆ ಚಿತ್ರವಾದರೂ ಉಳಿಯುತ್ತದೆ. ಅಕ್ಷರ ಹೋದರೆ ಏನೂ ಉಳಿಯುವುದಿಲ್ಲ. ನನ್ನ ನಿಜವಾದ ಹೆದರಿಕೆ ಅದು. ಹುನಗುಂದದ ಮೇಷ್ಟ್ರು ಐಹೊಳೆಯ ಬಗ್ಗೆ ಬರೆದ ಹಳೆಯ ಪಾಠವೊಂದನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. ಮೇಗುತಿಯಲ್ಲಿ ರವಿಕೀರ್ತಿಯ 634ರ ಶಾಸನದ ಪರಿಚಯ. ನುಡಿಯ ಹಳೆಯ ಫಾಂಟಿನಲ್ಲಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ನಕಾರ ಇರಬೇಕಾದಲ್ಲೆಲ್ಲ ಬ್ರಿಟನ್ನಿನ ಪೌಂಡ್ ಚಿಹ್ನೆ. ಮೇಷ್ಟ್ರು ನಕ್ಕು, "ಇದನ್ನ ಓದಾಕ ರವಿಕೀರ್ತಿನ ಬರಬೇಕು," ಎಂದರು. ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ತಿದ್ದುವಷ್ಟರಲ್ಲಿ ಎರಡು ಸಂಜೆ ಕಳೆದವು.

ಯೂನಿಕೋಡಿನಲ್ಲಿದ್ದರೂ ನಿಶ್ಚಿಂತೆಯಿಲ್ಲ. ಅಕ್ಷರಕ್ಕೆ ಸಂಖ್ಯೆ ಸಿಕ್ಕಿರಬಹುದು. ಆ ಯಂತ್ರದ ಫಾಂಟಿನಲ್ಲಿ ಅದರ ಆಕಾರ ಇರಬೇಕಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನನ್ನ ಪ್ರಬಂಧದ ಒಂದು ಅಧ್ಯಾಯ. ಅದರಲ್ಲಿ ಇಂದು ನಾವು ಬರೆಯದ ಱ ಬರುತ್ತದೆ. ಹಳಗನ್ನಡದಲ್ಲಿ ಅದರ ಜೊತೆಗಾರ ೞ. ಫಾಂಟಿನಲ್ಲಿ ಇವಿಲ್ಲದಿದ್ದರೆ ತೆರೆಯ ಮೇಲೆ ಖಾಲಿ ಚೌಕ. ಇನ್ನೊಂದು ತಮಾಷೆಯಿದೆ: ಯೂನಿಕೋಡಿನ ಪಟ್ಟಿಯಲ್ಲಿ ೞ ಅಕ್ಷರದ ಇಂಗ್ಲಿಷ್ ಹೆಸರು 'ಫ' ಎಂದು ತಪ್ಪಾಗಿ ಸೇರಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಹಾಗಾಗಿ ತಪ್ಪನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದ ಹೆಸರನ್ನೂ ಕೊಟ್ಟಿದ್ದಾರೆ. ಹಳೆಯ ಕಡತಗಳು ಮುರಿಯಬಾರದೆಂಬ ಈ ಹಟ ನನಗೆ ಹಿಡಿಸುತ್ತದೆ. ಹೊಸದನ್ನು ತರುವವರು ಹಳೆಯದನ್ನು ನಂಬಿ ಕೂತವರ ಬಗ್ಗೆ ಇಷ್ಟಾದರೂ ಯೋಚಿಸಬೇಕು.

ಇದಕ್ಕೆಲ್ಲ ದಾರಿಗಳಿವೆ. ಫಾಂಟನ್ನು ಕಡತದೊಳಗೇ ಸೇರಿಸಬಹುದು, ಫಾಂಟಿನ ಪರವಾನಗಿ ಒಪ್ಪಿದರೆ. ಹಳೆಯ ಆವೃತ್ತಿಯಲ್ಲಿ ಏನೇನು ಕೆಲಸ ಮಾಡದು ಎಂದು ಪವರ್‌ಪಾಯಿಂಟೇ ಪರೀಕ್ಷಿಸಿ ಹೇಳುತ್ತದೆ. ಪಿಡಿಎಫ್ ಮಾಡಿದರೆ ಅಕ್ಷರ ಕದಲುವುದಿಲ್ಲ; ಚಲನೆ ಪೂರ್ತಿ ಹೋಗುತ್ತದೆ. ನನ್ನ ಪ್ರಬಂಧ ಮಂಡನೆಗೆ ಪಿಡಿಎಫ್ ಒಯ್ಯುತ್ತೇನೆ. ಎಲ್ಲ ಬಿಟ್ಟು ಹಿಂದಕ್ಕೆ ಹೋಗಬೇಕೆಂದು ನನ್ನ ವಾದವಲ್ಲ. ಮೊಮ್ಮಗನ ಮೊಬೈಲಿನಲ್ಲಿ ಸೆರಗು ಬಿಚ್ಚಿಕೊಂಡಾಗ ಆ ಹಿರಿಯರ ಮುಖ ಅರಳಿತ್ತು. ಆ ಆಸೆಯೂ ನ್ಯಾಯವೇ.

ಬಾದಾಮಿಯ ಗೈಡ್ ಹೇಳುವಂತೆ, ತಟ್ಟುಕೋಟೆಯ ಬಂಡೆಯ ಮುಂದೆ ನಿಂತವರು ಕೇಳುವ ಮೊದಲ ಮಾತು: "ಇದು ಕನ್ನಡನಾ?" ಹೌದೆಂದರೆ ನಂಬುವುದಿಲ್ಲ. ಹನ್ನೆರಡು ನೂರಕ್ಕೂ ಹೆಚ್ಚು ವರ್ಷ ಬಿಸಿಲು ಮಳೆ ತಿಂದ ಅಕ್ಷರ ಚೆನ್ನಾಗಿಯೇ ಇದೆ. ಅಲ್ಲಿ ಹಳೆಯ ಕಡತವನ್ನು ತೆರೆಯಲಾಗದ ಹೊಸ ಆವೃತ್ತಿ ನಾವೇ. ಗೈಡ್ ಈಗ ಒಂದೊಂದೇ ಅಕ್ಷರ ಹಾಳೆಯ ಮೇಲೆ ಬರೆಸಿಕೊಂಡು ಕಲಿಯುತ್ತಿದ್ದಾರೆ. ಮೊನ್ನೆ ಱ ಗುರುತು ಹಿಡಿದರು.